ಅಕ್ಕನ ಫಿಲ್ಮು, ನುಣುಪಣ್ಣನ ಕೈಚಳಕ

ನಮ್ಮ ಬೀದಿಯ ಸ್ಟುಡಿಯೋದವನನ್ನು ಎಲ್ಲರೂ ನುಣುಪಣ್ಣ ಎಂದೇ ಕರೆಯುವುದು. ಮೊಡವೆ, ಮಚ್ಚೆ, ಗಲ್ಲದ ಕೆಳಗಿನ ಎರಡನೇ ಗಲ್ಲ, ಯಾವುದೂ ಅವನ ಕಂಪ್ಯೂಟರಿನಿಂದ ಜೀವಂತ ಹೊರಬಂದದ್ದಿಲ್ಲ. ಪಾಸ್‌ಪೋರ್ಟ್ ಫೋಟೋಗೆ ಕೂತ ಕಟುಕನೂ ಅವನ ಕೈಯಲ್ಲಿ ಸನ್ಯಾಸಿಯಂತೆ ಕಳೆಕಳೆಯಾಗಿಬಿಡುತ್ತಿದ್ದ. ತನ್ನ ಫೋಟೋ ನೋಡಿ ‘ಇದ್ಯಾರು?’ ಎಂದು ಕೇಳದ ಗಿರಾಕಿಯನ್ನು ಅವನು ತನ್ನ ಸೋಲೆಂದೇ ಲೆಕ್ಕ ಹಾಕುತ್ತಿದ್ದ.

ಇಂಥ ಶೂರನನ್ನು ನಡುಗಿಸಬಲ್ಲ ಜೀವ ಒಂದೇ, ಅವನ ಅಕ್ಕ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಊರಿಗೆಲ್ಲ ಉತ್ತರ ಹೇಳುವ ಕೆಲಸ ಅವಳದು. ಗಂಡ ತೀರಿಕೊಂಡ ಮೇಲೆ ಸ್ಟುಡಿಯೋದ ಮೇಲಿನ ಕೋಣೆಗೆ ಬಂದಿದ್ದಳು. ತಮ್ಮನಿಗೆ ಮದುವೆಯಾಗಿರಲಿಲ್ಲ. “ಹುಡುಗಿ ಕಡೆಯೋರು ಫೋಟೋ ನೋಡಿ ಒಪ್ಕೊಂಡು ಬರ್ತಾರೆ, ನಿನ್ನನ್ನ ನೋಡಿ ಓಡ್ತಾರೆ. ಯಾರೋ ಹೇಳಿದ್ದು ನಿನಗೆ ನಿನ್ನ ಮುಖಾನೂ ತಿದ್ಕೋ ಅಂತ?” ಎಂದು ಅಕ್ಕ ಆಗಾಗ ಕುಟುಕುತ್ತಿದ್ದಳು.

ಆ ಅಕ್ಕನಿಗೆ ಹೊಟ್ಟೆನೋವು ಬಂತು. ಬಂದದ್ದು ಹೋಗಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಆಸ್ಪತ್ರೆಯ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ, ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಅದು ಲಿವರಿಗೂ ಹರಡಿದೆ ಎಂದರು. ಹಲವು ಕಡೆ ಹರಡಿರುವುದರಿಂದ ಆಪರೇಷನ್ನಿನಿಂದ ಗುಣವಾಗುವುದಿಲ್ಲ. ಔಷಧಿಯ ಡ್ರಿಪ್ ಹಾಕುತ್ತ ಬಂದರೆ ಒಂದಷ್ಟು ಕಾಲ ಸಿಕ್ಕೀತು.

ನುಣುಪಣ್ಣ ಇದನ್ನು ಒಪ್ಪಲಿಲ್ಲ. ದೂರದ ಮಹಾನಗರದ ದೊಡ್ಡ ಡಾಕ್ಟರೊಬ್ಬರು ಇಂಟರ್‌ನೆಟ್ ಮೂಲಕವೇ ಎರಡನೇ ಅಭಿಪ್ರಾಯ ಕೊಡುತ್ತಾರೆಂದು ಪತ್ತೆ ಹಚ್ಚಿದ. ಸ್ಕ್ಯಾನಿನ ಸಿ.ಡಿ. ಕಳಿಸಿ ಎಂದು ಅಲ್ಲಿಂದ ಸೂಚನೆ ಬಂತು. ಸಿ.ಡಿ.ಯೇ? ಜನ್ಮವೆಲ್ಲ ಕ್ಯಾಮೆರಾ ಹಿಡಿದವನು ಅಂಗೈ ಅಗಲದ ತಗಡಿನ ಮುಂದೆ ತಲೆ ಬಾಗಿಸುವುದೇ? ಆಸ್ಪತ್ರೆಯವರು ಕೊಟ್ಟಿದ್ದ ಸ್ಕ್ಯಾನಿನ ದೊಡ್ಡ ಕಪ್ಪು ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹಾಸಿ, ಸ್ಟ್ಯಾಂಡ್ ಹೂಡಿ, ಉಸಿರು ಬಿಗಿಹಿಡಿದು ತಾನೇ ಫೋಟೋ ತೆಗೆದ. ಅಷ್ಟು ಶ್ರದ್ಧೆಯಿಂದ ಅವನು ಯಾವ ಮದುಮಗಳ ಫೋಟೋವನ್ನೂ ತೆಗೆದಿರಲಿಲ್ಲ. ಆಮೇಲೆ ಕಂಪ್ಯೂಟರಿಗೆ ಹಾಕಿ ಸ್ವಚ್ಛ ಮಾಡಿ, ವರದಿಯ ಜೊತೆಗೆ ಕಳಿಸಿದ.

ಉತ್ತರ ಮೂರೇ ವಾಕ್ಯ. ವರದಿಯಲ್ಲಿ ಲಿವರಿನ ಚುಕ್ಕೆಗಳ ಮಾತಿದೆ, ಚಿತ್ರದಲ್ಲಿ ಕಾಣುತ್ತಿಲ್ಲ. ಲಿವರ್ ನಿಜಕ್ಕೂ ಚೊಕ್ಕಟವಾಗಿದ್ದರೆ ಆಪರೇಷನ್ ಮಾಡಿ ಗುಣಪಡಿಸಲು ನೋಡಬಹುದು. ಮೂಲ ಸಿ.ಡಿ. ಕಳಿಸಿ.

ಅಕ್ಕ, ತಮ್ಮ ಇಬ್ಬರೂ ಸೇರಿ ಮೊದಲ ವಾಕ್ಯವನ್ನೂ ಕೊನೆಯದನ್ನೂ ನುಂಗಿ ನೀರು ಕುಡಿದರು. ನಡುವಿನದು ಮಾತ್ರ ಮನೆಯಲ್ಲಿ ಉಳಿಯಿತು. ಡ್ರಿಪ್ಪಿಗೆ ಬರಲು ಹೇಳಿದ ದಿನ ಅಕ್ಕ ಆಸ್ಪತ್ರೆಗೆ ಹೋಗಲಿಲ್ಲ, ಬಸ್ ನಿಲ್ದಾಣಕ್ಕೆ ಹೋದಳು. “ನನ್ನ ಕುರ್ಚಿ ಮೇಲೆ ಯಾರೂ ಕಣ್ಣು ಹಾಕ್ಬೇಡಿ, ವಾಪಸ್ ಬರ್ತೀನಿ” ಎಂದು ಎಚ್ಚರಿಕೆ ಕೊಟ್ಟು ಬಂದಳು.

ವಾರ ಕಳೆದ ಮೇಲೆ ಇಬ್ಬರೂ ದಂಡಯಾತ್ರೆ ಹೊರಟವರಂತೆ ಆಸ್ಪತ್ರೆಗೆ ನುಗ್ಗಿದರು. ನುಣುಪಣ್ಣ ತನ್ನ ಚಿತ್ರಗಳ ದೊಡ್ಡ ಪ್ರಿಂಟು ತೆಗೆದು ಡಾಕ್ಟರ ಮೇಜಿನ ಮೇಲೆ ಹರಡಿದ.

“ನೋಡಿ ಸಾರ್. ಅಷ್ಟು ದೊಡ್ಡ ಡಾಕ್ಟ್ರೇ ಹೇಳಿದಾರೆ, ಲಿವರಲ್ಲಿ ಏನೂ ಇಲ್ಲ.”

ಡಾಕ್ಟರು ಅವರೇ ತಂದಿದ್ದ ಮೂಲ ಫಿಲ್ಮನ್ನು ಗೋಡೆಯ ದೀಪಕ್ಕೆ ಸಿಕ್ಕಿಸಿದರು. ಪಕ್ಕದಲ್ಲಿ ಪ್ರಿಂಟು ಹಿಡಿದರು. ಆ ಕಡೆ ನೋಡಿದರು, ಈ ಕಡೆ ನೋಡಿದರು.

“ಇಲ್ಲಿದ್ದ ಕಪ್ಪು ಚುಕ್ಕೆಗಳು ಎಲ್ಲಿ ಹೋದವು?”

“ಅದಾ? ಧೂಳು ಸಾರ್,” ಎಂದ ನುಣುಪಣ್ಣ, ಮೆಚ್ಚುಗೆಗೆ ಕಾದವನಂತೆ. “ಪೆಟ್ಟಿಗೆ ಮೇಲೆ ಧೂಳು ಕೂತ್ರೆ ಹಂಗೇ ಕಪ್ಪಗೆ ಬೀಳುತ್ತೆ. ನಾನೇ ಎಲ್ಲಾ ತೆಗ್ದೆ.”

ಹೇಳಿದ ಮೇಲೆ ಅವನ ಕಿವಿಗೆ ಅದು ಕೇಳಿಸಿತು. ಅಕ್ಕ ಗೋಡೆಯ ಫಿಲ್ಮನ್ನೇ ನೋಡುತ್ತಿದ್ದಳು. ಡಾಕ್ಟರು ಅಲ್ಲಿಂದಲೇ ಮೂಲ ಸಿ.ಡಿ.ಯ ಚಿತ್ರಗಳನ್ನು ದೂರದ ಡಾಕ್ಟರಿಗೆ ಕಳಿಸಿದರು.

ಮರುದಿನ ಮೊಬೈಲಿನ ಪರದೆಯ ಮೇಲೆ ದೊಡ್ಡ ಡಾಕ್ಟರು ಕಾಣಿಸಿಕೊಂಡರು. ಮೆತ್ತನೆಯ ದನಿಯ ಹೆಂಗಸು.

“ನಿಮ್ಮ ಡಾಕ್ಟ್ರು ಹೇಳಿದ್ದೇ ಸರಿ ಅಮ್ಮಾ. ಲಿವರಿಗೆ ಹರಡಿದೆ. ಔಷಧಿ ಬೇಗ ಶುರು ಮಾಡಿಸ್ಕೊಳ್ಳಿ.”

“ಗುಣ ಆಗಲ್ಲ ಅಲ್ವಾ?”

“ಆಗಲ್ಲ ಅಮ್ಮಾ.”

“ನೇರವಾಗಿ ಹೇಳಿದ್ರಿ, ಒಳ್ಳೇದಾಯ್ತು,” ಎಂದು ಅಕ್ಕ ಫೋನನ್ನು ತಮ್ಮನ ಕಡೆ ತಳ್ಳಿದಳು. ಆ ದಿನವೆಲ್ಲ ಅವನೊಡನೆ ಮಾತಿಲ್ಲ.

ಮೊದಲ ಡ್ರಿಪ್ಪಿನ ದಿನ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕುರ್ಚಿಗಳು, ಕುರ್ಚಿಗೊಂದು ಸ್ಟ್ಯಾಂಡು. ನುಣುಪಣ್ಣ ಚೀಲವನ್ನು ಎದೆಗವಚಿಕೊಂಡು ನಿಂತಿದ್ದ.

“ಅಕ್ಕಾ, ನಾನು...”

“ಬಾಯ್ಮುಚ್ಚು. ಅಳೋದಾದ್ರೆ ಚೀಲ ಇಲ್ಲಿಟ್ಟು ಹೋಗಿ ಅಳು, ಅದ್ರಲ್ಲಿ ನನ್ನ ಶಾಲಿದೆ.”

ನರ್ಸು ಸೂಜಿಗೆ ನರ ಹುಡುಕುತ್ತಿದ್ದಳು. ಅಕ್ಕ ಮುಖ ಈಚೆ ತಿರುಗಿಸಿದಳು.

“ಗುಣ ಆಗುತ್ತೆ ಅಂದ್ಕೊಂಡಿದ್ದ ಆ ವಾರ ಎಲ್ಲಾ ನಾನು ಚೆನ್ನಾಗಿ ನಿದ್ದೆ ಮಾಡ್ದೆ ಕಣೋ. ಅದಕ್ಕೇ ನಿನ್ನ ಮೇಲೆ ಇಷ್ಟು ಸಿಟ್ಟು.”

ಸೂಜಿ ಒಳಗೆ ಹೋಯಿತು. ಜೊತೆಗೆ ಬಂದವರು ಆಚೆ ಇರಬೇಕು ಎಂದಳು ನರ್ಸು. ನುಣುಪಣ್ಣ ಶಾಲು ತೆಗೆದು ಅಕ್ಕನ ಕಾಲಿಗೆ ಹೊದಿಸಿ ಬಾಗಿಲಾಚೆ ಹೋಗಿ ನಿಂತ. ಅಕ್ಕ ಒಳಗೆ ಕರೆಯಲಿಲ್ಲ. ಅವನೂ ಅಲ್ಲಿಂದ ಕದಲಲಿಲ್ಲ.