ಪಕ್ಕದ ಮನೆಯ ಪರದೆ

ಕುವೈತಿನ ಹವಲ್ಲಿಯಲ್ಲಿ ನಾನು ಇಳಿದುಕೊಂಡಿದ್ದು ಭಾವನ ಫ್ಲ್ಯಾಟಿನಲ್ಲಿ. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಅಕ್ಕ, ಅಲ್ಲಿ ಪಟ್ಟಣದಾಚೆಯ ಹಳ್ಳಿಯೊಂದರಲ್ಲಿ ಕೊಳ್ಳಬೇಕೆಂದಿದ್ದ ಮನೆಯನ್ನು ವಿಡಿಯೊ ಕರೆಯಲ್ಲಿ ನಮಗೆ ತೋರಿಸುತ್ತಿದ್ದಳು. ಹಿತ್ತಲಲ್ಲಿ ಹುಲ್ಲು, ಒಂದು ಸೇಬಿನ ಗಿಡ.

“ಅದೆಲ್ಲಾ ಇರ್ಲಿ, ಬಾಜೂ ಮನ್ಯಾಗ ಯಾರದಾರ?” ಎಂದರು ಭಾವ. “ನಮ್ಮ ಧಾರವಾಡದಾಗ ಬಾಜೂದವರ್ನ ಮಾತಾಡಸದ ಮನಿ ತಗೋತಾರೇನು? ಹೋಗಿ ಬಾಗ್ಲಾ ಬಡಿ.”

“ಇಲ್ಲೆ ಹಂಗ ಹೋಗೂದಿಲ್ರೀ,” ಎನ್ನುತ್ತಲೇ ಅಕ್ಕ ಹೋಗಿ ಬಡಿದಳು. ಕಿಟಕಿಯ ಪರದೆ ಸ್ವಲ್ಪ ಸರಿದು ಮತ್ತೆ ಮುಚ್ಚಿತು. ಬಾಗಿಲು ತೆರೆಯಲಿಲ್ಲ.

“ಇರ್ಲಿ ಬಿಡ್ರೀ,” ಅಕ್ಕ ನಕ್ಕಳು. “ಮಾತಾಡ್ಲಿಕ್ಕೆ ನೀವು ಬರ್ತೀರಲ್ಲ. ಈ ವರ್ಷಾದ್ರೂ ಬರ್ತೀರಿ ಹೌದಲ್ರೀ?”

ಭಾವ ಫೋನನ್ನು ಮುಖದೆದುರಿನಿಂದ ತೆಗೆದು ಕಿವಿಗೆ ಒತ್ತಿಕೊಂಡರು. ಅಕ್ಕನಿಗೆ ಈಗ ಕತ್ತಲೆಯಷ್ಟೇ ಕಾಣುತ್ತಿರಬೇಕು.

“ಮನಿ ಛಲೋ ಅದ,” ಎಂದರು. “ತಗೊ.”