ಲೋಟದೊಳಗಿನ ಹಾಡು

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಲೋಟವಿದೆ. ಅಂಚು ಒಂದು ಕಡೆ ನೆಗ್ಗಿದೆ, ತಳದಲ್ಲಿ ಅಮ್ಮನ ಹೆಸರಿನ ಮೊದಲಕ್ಷರವನ್ನು ಚುಕ್ಕಿಚುಕ್ಕಿಯಾಗಿ ಕೊರೆದಿದೆ. ನಾನು ಮದುವೆಯಾಗಿ ಮೈಸೂರಿನಿಂದ ಮುಂಬಯಿಯ ಮಲಾಡಿಗೆ ಬಂದಾಗ ನನ್ನ ಹಿಂದೆಯೇ ಬಂದ ಪಾತ್ರೆಗಳ ಪೈಕಿ ಇನ್ನೂ ಉಳಿದಿರುವುದು ಇದೊಂದೇ. ಇದರಲ್ಲಿ ಈಗ ಯಾರೂ ಕಾಫಿ ಕುಡಿಯುವುದಿಲ್ಲ. ಬೆಳಿಗ್ಗೆ ತರಕಾರಿ ಹೆಚ್ಚಲು ನಿಂತಾಗ ಫೋನಿನಲ್ಲಿ ಹಾಡು ಹಾಕಿ, ಫೋನನ್ನು ಈ ಲೋಟದೊಳಗೆ ನಿಲ್ಲಿಸುತ್ತೇನೆ. ಖಾಲಿ ಲೋಟದೊಳಗೆ ಫೋನಿಟ್ಟರೆ ದನಿ ದೊಡ್ಡದಾಗುತ್ತದೆಂಬುದು ನಿಮಗೂ ಗೊತ್ತಿರುವುದೇ. ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗೆ ಕೇಳಿಸುತ್ತದೆ, ಆದರೆ ಮೂಗಿನಲ್ಲಿ ಹಾಡುವವರನ್ನೇ ಮೆಚ್ಚುವ ನನ್ನಂಥವಳಿಗೆ ಅದರಿಂದ ನಷ್ಟವೇನಿಲ್ಲ.

ಏಕೆಂದರೆ ನಾನು ಕೇಳುವುದು ಅಮೆರಿಕದ ಕಂಟ್ರಿ ಹಾಡುಗಳನ್ನು. ಅದರಲ್ಲೂ ದೊಡ್ಡ ಕಂಪನಿಗಳ ಥಳುಕಿನ ಹಾಡುಗಳನ್ನಲ್ಲ. ಯಾವುದೋ ಸಣ್ಣ ಊರಿನ ಗ್ಯಾರೇಜಿನಲ್ಲೋ ಹಿತ್ತಲಿನ ಕೋಣೆಯಲ್ಲೋ ತಾವೇ ಧ್ವನಿಮುದ್ರಿಸಿ, ತಾವೇ ಬಿಡುಗಡೆ ಮಾಡಿ, ಪಕ್ಕದ ಬೀದಿಯವರಿಗೂ ಗೊತ್ತಾಗದೆ ಉಳಿದುಬಿಡುವ ಇಂಡಿಪೆಂಡೆಂಟ್ ಗಾಯಕರ ಆಲ್ಬಮ್‌ಗಳನ್ನು. ಇದಕ್ಕೆ ಒಂದಿಷ್ಟು ಹಳೆಯ ಜನಪದ, ಒಂದಿಷ್ಟು ಬ್ಲೂಸ್ ಬೆರೆತರೆ ಅಮೆರಿಕಾನಾ ಎನ್ನುತ್ತಾರೆ. ಕಂಟ್ರಿ ಎಲ್ಲಿ ಮುಗಿಯಿತು, ಅಮೆರಿಕಾನಾ ಎಲ್ಲಿ ಮೊದಲಾಯಿತು ಎಂದು ಜಗಳವಾಡುವುದಕ್ಕೇ ನಮ್ಮಂಥ ಅಭಿಮಾನಿಗಳು ಹುಟ್ಟಿರುವುದು. ವಿಮಾ ಕಚೇರಿಯ ನೌಕರಿ, ಮಡಿವಂತರ ಮನೆಯ ಸೊಸೆ, ಇವಳಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತೆಂದು ನಮ್ಮವರ ಕಡೆಯವರು ಇಂದಿಗೂ ಮುಖ ಮುಖ ನೋಡಿಕೊಳ್ಳುತ್ತಾರೆ. ನನಗೂ ಗೊತ್ತಿಲ್ಲ. ಹುಚ್ಚಿಗೊಂದು ಜೊತೆ ಬೇಕಾಗಿತ್ತು, ಅದು ಮಾಟುಂಗದಲ್ಲಿ ಸಿಕ್ಕಿತು.

ಅಲ್ಲಿ ಕನ್ನಡದವರ ಒಂದು ಸಮಾರಂಭ. ಅಧ್ಯಕ್ಷರು ನಾಡುನುಡಿಯ ಬಗ್ಗೆ ಗದ್ಗದಿತರಾದ ಹೊತ್ತಿಗೆ ಸರಿಯಾಗಿ ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರ ಜೇಬಿನಿಂದ ಬ್ಯಾಂಜೊ ಮೊಳಗಿತು. ಫೋನಿನ ರಿಂಗ್‌ಟೋನು. ಸಭೆಗೆ ಸಭೆಯೇ ತಿರುಗಿ ನೋಡಿದರೂ ಆ ಮನುಷ್ಯ ಅಧ್ಯಕ್ಷರ ಮುಖವನ್ನೇ ನೋಡುತ್ತ, ನಸುನಗುತ್ತ, ತಂತಿವಾದ್ಯವನ್ನು ಮನಸಾರೆ ನುಡಿಯಲು ಬಿಟ್ಟು ಕೂತಿದ್ದರು. ಎಂಥ ಗುಂಡಿಗೆ ಇವರದು ಎಂದು ನಾನು ಮೆಚ್ಚಿಕೊಂಡೇ ಅವರ ಭುಜ ತಟ್ಟಿದೆ. ಹಾಗೆ ಪರಿಚಯವಾದವರು ದಸ್ತಗೀರ್ ಸಾಹೇಬರು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆಯವರು, ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮೇಲೆ ಆಯುಷ್ಯ ಕಳೆದು ನಿವೃತ್ತರಾದವರು. ಆಮೇಲೆ ನಮ್ಮ ಬಿಲ್ಡಿಂಗಿನ ಪ್ರಾಚಿಯೂ ಸೇರಿಕೊಂಡಳು. ಧಾರಾವಾಹಿಗಳಿಗೆ ಧ್ವನಿ ಜೋಡಿಸುವ ಕೆಲಸದ ಹುಡುಗಿ, ಹುಬ್ಬಳ್ಳಿ ಮೂಲದ ಮನೆ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವುದಕ್ಕೆ ಮಾತ್ರ ಹಿಂದಿ ಇಂಗ್ಲಿಷುಗಳ ಊರುಗೋಲು ಬೇಕು.

ಶುಕ್ರವಾರ ಹೊಸ ಆಲ್ಬಮ್‌ಗಳು ಬರುತ್ತವೆ. ಯಾವ ಮೂಲೆಯಲ್ಲಿ ಯಾವುದು ಬಂದಿದೆಯೆಂದು ಹುಡುಕಿ ನಮ್ಮ ವಾಟ್ಸಾಪ್ ಗುಂಪಿಗೆ ಕಳಿಸುವವರು ಯಾವಾಗಲೂ ಸಾಹೇಬರೇ. ಭಾನುವಾರ ಬೆಳಿಗ್ಗೆ ನಾವಿಬ್ಬರು ಮಲಾಡಿನಿಂದ, ಅವರು ವಿಕ್ರೋಳಿಯಿಂದ ಲೋಕಲ್ ಹಿಡಿದು ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸೇರುತ್ತಿದ್ದೆವು. ಅವರು ಗೋಡೆಗೆ ಬೆನ್ನು ಕೊಟ್ಟು, ನಮ್ಮಿಬ್ಬರಿಗೆ ಎದುರಾಗಿಯೇ ಕೂರಬೇಕು. ಕೂತವರೇ ಲೋಟದ ನೀರನ್ನು ಗಟಗಟನೆ ಕುಡಿದು, ಒಳಗೆ ಕರವಸ್ತ್ರದಿಂದ ಒರೆಸಿ, ಫೋನನ್ನು ಅದರಲ್ಲಿ ನಿಲ್ಲಿಸಿ, ಎರಡೂ ಅಂಗೈಗಳಿಂದ ಲೋಟವನ್ನು ತಬ್ಬಿ ಹಿಡಿದುಕೊಳ್ಳುತ್ತಿದ್ದರು. ಹಾಡು ಮುಗಿಯುವ ತನಕ ಮೂವರೂ ಮಾತಾಡಬಾರದು. ಮುಗಿದ ಮೇಲೆ ಅವರ ವಿಮರ್ಶೆ ಒಂದೇ ಥರದ್ದು.

"ಹಾಡಿನ ನಡಿಗಿ ಭಾಳ ಛಲೋ ಐತ್ರಿ ಅಕ್ಕಾರ. ಎತ್ತು ನೀರಿಗೆ ಹೊಂಟಂಗ ಹೊಂಟೈತಿ." ಇಲ್ಲವಾದರೆ, "ಇದು ಯಾಕೋ ಕುಂಟಾಕತ್ತೈತ್ರಿ."

ಸಾಹಿತ್ಯದ ಸಾಲುಗಳನ್ನು ಮನೆಯಲ್ಲೇ ಓದಿಕೊಂಡು ಬಂದು ಬಾಯಿಪಾಠ ಒಪ್ಪಿಸುತ್ತಿದ್ದರು. ಕಂಠದ ಬಗ್ಗೆ, ಪಿಟೀಲಿನ ಬಗ್ಗೆ ಮಾತ್ರ ಎಂದೂ ತುಟಿ ಬಿಚ್ಚಿದವರಲ್ಲ. ನಾವು ಅದನ್ನೊಂದು ವಿಮರ್ಶೆಯ ಪಂಥವೆಂದೇ ತಿಳಿದು ಅವರಿಗೆ ನಡಿಗೆ ಸಾಹೇಬರೆಂದು ಹೆಸರಿಟ್ಟೆವು. "ನಿಮಗ ಹೆಂಗ ಅನಸ್ತ್ರಿ?" ಎಂದು ಅವರು ಕೇಳಿದರೆ ನಮ್ಮಿಬ್ಬರಿಗೆ ಹಬ್ಬ. ಹಿಂದಿನ ಆಲ್ಬಮ್ಮಿಗಿಂತ ಇದು ಮಾಗಿದೆ, ಆ ಪಂಗಡದ ಪ್ರಭಾವ ಜಾಸ್ತಿಯಾಯಿತು, ಪ್ರೊಡಕ್ಷನ್ನಿನಲ್ಲಿ ಸಂಯಮವಿದೆ, ಹೀಗೆ ಇಡ್ಲಿ ತಣ್ಣಗಾಗುವವರೆಗೆ ನಮ್ಮ ಪಾಂಡಿತ್ಯ ಹರಿಯುತ್ತಿತ್ತು. ಅವರು ಕಣ್ಣು ಮಿಟುಕಿಸದೆ ನಮ್ಮ ಬಾಯಿಯನ್ನೇ ನೋಡುತ್ತಿದ್ದರು. ನಾನು ಇಷ್ಟು ಚೆನ್ನಾಗಿ ಮಾತಾಡುತ್ತೇನೆಂದು ನನಗೆ ಅವರ ಮುಂದೆ ಕೂತಾಗಲೇ ತಿಳಿದದ್ದು.

ಮೂವರಿಗೂ ಪ್ರಿಯಳಾದ ಒಬ್ಬ ಗಾಯಕಿ ಇದ್ದಾಳೆ. ಸಾಹೇಬರಿಗಂತೂ ಈ ಹಾಡುಗಳ ಹುಚ್ಚು ಹತ್ತಿದ್ದೇ ಅವಳಿಂದ. ಊರಿಂದ ಬಂದ ಹೊಸತರಲ್ಲಿ, ನಾಲ್ಕು ಜನರ ಜೊತೆ ಒಂದೇ ಖೋಲಿಯಲ್ಲಿ ಮಲಗುತ್ತಿದ್ದ ಕಾಲದಲ್ಲಿ, ಫುಟ್‌ಪಾತಿನ ರಾಶಿಯಿಂದ ಕೊಂಡ ಅವಳ ಕ್ಯಾಸೆಟ್ಟನ್ನು ಭಾಷೆ ತಿಳಿಯದಿದ್ದರೂ ಟೇಪು ಸವೆಯುವವರೆಗೆ ಕೇಳಿದ್ದರಂತೆ. ಆಕೆ ಹಾಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಈ ಚಳಿಗಾಲದ ಒಂದು ಶುಕ್ರವಾರ, ಯಾವ ಸದ್ದುಗದ್ದಲವೂ ಇಲ್ಲದೆ ಅವಳ ಹೊಸ ಆಲ್ಬಮ್ ಬಂತು. ತನ್ನ ಅಡುಗೆಮನೆಯಲ್ಲೇ ಕೂತು ಹಾಡಿದ್ದು. ಡ್ರಮ್ಮಿಲ್ಲ, ತಗ್ಗಿನ ಸ್ವರದಲ್ಲಿ ಗುಡುಗುವ ಬೇಸ್ ಗಿಟಾರಿಲ್ಲ, ಪಕ್ಕವಾದ್ಯವಿಲ್ಲ. ಆ ಮುದುಕಿಯ ದನಿ, ಬೆರಳ ತುದಿಯಲ್ಲಿ ಮೀಟಿದ ಒಂದು ಗಿಟಾರು, ಅಷ್ಟೇ. ಈ ಬೋಳುತನವೇ ಇದರ ಸೊಗಸೆಂದು ನಾನೂ ಪ್ರಾಚಿಯೂ ರೈಲಿನುದ್ದಕ್ಕೂ ಕೊಂಡಾಡಿಕೊಂಡು ಹೋದೆವು.

ಸಾಹೇಬರು ಆವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮಗಿಂತ ಮುಂಚೆಯೇ ಬಂದು ಕೂತಿದ್ದರು. ಲೋಟ ಒರೆಸಿದರು, ಫೋನಿಟ್ಟರು, ತಬ್ಬಿ ಹಿಡಿದರು. ಹಾಡು ಶುರುವಾಯಿತು. ನಾನು ಕಣ್ಣು ಮುಚ್ಚಿದೆ. ಒಂದು ಚರಣ ಕಳೆಯಿತು, ಪಲ್ಲವಿ ಬಂದು ಹೋಯಿತು, ಎರಡನೆಯ ಚರಣದ ನಡುವೆ ಅವರ ದನಿ ಕೇಳಿ ಕಣ್ಣು ತೆರೆದೆ.

"ಶುರು ಆತೇನ್ರಿ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಅಂಗೈಗಳನ್ನು ಲೋಟದ ಮೇಲೆ ಅತ್ತಿತ್ತ ಸರಿಸುತ್ತಿದ್ದರು. "ಮನ್ಯಾಗೂ ಹಚ್ಚಿ ನೋಡಿದ್ನಿರಿ, ಏನೂ ಬರ್ಲಿಲ್ಲ. ಫೋನ್ ಕೆಟ್ಟೈತಿ ಅಂದ್ಕೊಂಡಿದ್ನಿ" ಎಂದರು. ಪ್ರಾಚಿ ನನ್ನ ಮುಖ ನೋಡಿದಳು. ಅದನ್ನು ಅವರೂ ನೋಡಿದರು. ಮುಖ ಓದುವುದರಲ್ಲಿ ಅವರನ್ನು ಮೀರಿಸುವವರು ಯಾರು?

ಆಮೇಲೆ ಅವರೇ ಮೆಲ್ಲಗೆ ಹೇಳಿದರು. ಕಿವಿ ಕಾರ್ಖಾನೆಯ ಯಂತ್ರದ ಸದ್ದಿನ ಪಾಲಾಗಿ ಬಹಳ ಕಾಲವಾಗಿತ್ತು. ಮೊದಲು ಸಣ್ಣ ದನಿಗಳು ಹೋದವು, ಆಮೇಲೆ ಉಳಿದವೂ ಹೋದವು. "ನೀವು ಮಾತಾಡೂದು ಮಾರಿ ನೋಡಿ ತಿಳೀತೈತ್ರಿ. ಹಾಡಿಗೆ ಮಾರಿ ಇಲ್ಲಲ್ರಿ." ಕಿವಿಗೆ ಹಾಕುವ ಮಷೀನು ಮನೆಯಲ್ಲಿದೆಯಂತೆ, ಅದರಲ್ಲಿ ಮಾತು ಅಷ್ಟಿಷ್ಟು ಬರುತ್ತದೆ, ಹಾಡು ಮಾತ್ರ ತಗಡು ಬಡಿದ ಹಾಗೆ. ಉಳಿದದ್ದು ಅಂಗೈ ಒಂದೇ. ಡ್ರಮ್ಮೂ ಬೇಸೂ ಸ್ಟೀಲಿನಲ್ಲಿ ನಡುಗಿ ಅಂಗೈಗೆ ಬರುತ್ತಿದ್ದವು.

"ಮತ್ತೆ ನಮಗೆ ಯಾಕೆ ಹೇಳ್ಲಿಲ್ಲ, ಸಾಹೇಬ್ರೆ?" ಎಂದೆ.

"ಹೇಳಿದ್ರ ನೀವು ನನ್ನ ಮುಂದ ಹಾಡಿನ ಮಾತು ಆಡ್ತಿದ್ದಿಲ್ರಿ. ಶುಗರ್ ಹೆಂಗೈತಿ, ಮೊಣಕಾಲು ಹೆಂಗೈತಿ ಅಂತ ಕೇಳ್ತಿದ್ರಿ." ಲೋಟದಿಂದ ಫೋನು ತೆಗೆದು, "ಅದಿರ್ಲಿ. ಆಕಿ ದನಿ ಈಗ ಹೆಂಗ ಆಗೇತಿ, ಅಷ್ಟು ಹೇಳ್ರಿ" ಎಂದರು.

ಓದುಗ ಮಿತ್ರರೆ, ಇಷ್ಟು ವರ್ಷ ಇಡ್ಲಿ ತಣ್ಣಗಾಗುವಷ್ಟು ಮಾತಾಡಿದವಳು ನಾನು. ನನ್ನ ಬಾಯಿಂದ ಬಂದದ್ದು, "ಚೆನ್ನಾಗಿದೆ, ಸಾಹೇಬ್ರೆ." ಪ್ರಾಚಿ, "ಮಸ್ತ್ ಇದೆ ಅಂಕಲ್, ಏಕ್‌ದಮ್..." ಎಂದು ಮುಂದಿನ ಪದಕ್ಕೆ ಯಾವ ಭಾಷೆಯಲ್ಲೂ ಊರುಗೋಲು ಸಿಗದೆ ನಿಂತಳು. ಅವರು ದಾಕ್ಷಿಣ್ಯಕ್ಕೆ ತಲೆಯಾಡಿಸಿ ಕಾಫಿ ಕುಡಿದರು. ನಮ್ಮ ಬಳಿ ಇದ್ದದ್ದೆಲ್ಲ ಆ ಹಾಡನ್ನು ಆಗಲೇ ಕೇಳಿದವರ ಜೊತೆ ಆಡುವ ಮಾತು. ಕೇಳದವರಿಗೆ ಕೊಡಬಲ್ಲಂಥ ಒಂದು ಮಾತೂ ಇರಲಿಲ್ಲ. ಆ ನಾಚಿಕೆ ನನಗೆ ಇನ್ನೂ ಇಳಿದಿಲ್ಲ.

ಮುಂದಿನ ಭಾನುವಾರ ಅವರು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಮೊಣಕಾಲು ನೋವೆಂದು ಮೆಸೇಜು. ಅವರು ಯಾವುದನ್ನು ಕೇಳಿಸಿಕೊಳ್ಳಲು ಒಲ್ಲೆನೆಂದಿದ್ದರೋ ಅದೇ ಮೊಣಕಾಲು.

ಆ ವಾರದಲ್ಲೊಂದು ದಿನ ಚಟ್ನಿಗೆ ಮಿಕ್ಸಿ ಹಾಕಿದ್ದೆ. ಮಿಕ್ಸಿಯ ಅಬ್ಬರದಲ್ಲಿ ಲೋಟದ ಹಾಡು ಮುಳುಗಿಹೋಯಿತು. ಏನನ್ನಿಸಿತೋ, ಮಿಕ್ಸಿಯನ್ನು ಹಾಗೇ ಓಡಲು ಬಿಟ್ಟು ಲೋಟವನ್ನು ಎತ್ತಿ ಎರಡೂ ಅಂಗೈಗಳಲ್ಲಿ ಹಿಡಿದುಕೊಂಡೆ. ಯಾವುದೋ ಹುಡುಗರ ಆಲ್ಬಮ್ಮು. ನಿಜ, ನಡಿಗೆ ಬಂತು, ಮೆಟ್ಟಿಲ ಮೇಲೆ ಯಾರೋ ಹೆಜ್ಜೆಯಿಟ್ಟು ಬರುವಂತೆ ಸ್ಪಷ್ಟವಾಗಿ ಬಂತು. ಆಮೇಲೆ ಆ ಮುದುಕಿಯ ಹಾಡು ಹಾಕಿ ಹಿಡಿದೆ. ಕಾದೆ. ಸ್ಟೀಲಿನ ತಣುಪಿನ ಹೊರತು ಏನೂ ಇಲ್ಲ. ಈಗ ಬಂದೀತು, ಇನ್ನೇನು ಬಂದೀತು ಎಂದುಕೊಂಡು, ಕಡೆಗೆ ಮಿಕ್ಸಿ ಆರಿಸಿದರೆ ಮನೆ ನಿಶ್ಶಬ್ದವಾಗಿತ್ತು. ಹಾಡು ಮುಗಿದಿತ್ತು. ಚಟ್ನಿ ಬೆಣ್ಣೆಯಾಗಿತ್ತು, ಅದನ್ನು ಅಂದು ಯಾರೂ ತಿನ್ನಲಿಲ್ಲ.

ಅಂದೇ ಅವರಿಗೆ ಬರೆದೆ: ಮೊಣಕಾಲಿನ ವಿಷಯ ಕೇಳುವುದಿಲ್ಲ, ಹಾಡಿನ ವಿಷಯ ಹೇಳುತ್ತೇನೆ, ಬನ್ನಿ.

ಬಂದರು. ಫೋನನ್ನು ಮೇಜಿನ ಮೇಲೆ ಮಕಾಡೆ ಇಟ್ಟು, ಲೋಟವನ್ನು ಮಾತ್ರ ಅಭ್ಯಾಸಬಲದಿಂದ ತಬ್ಬಿ ಕೂತರು. ನಾನು ಮೊದಲ ಹಾಡನ್ನು ಹೇಳಿದೆ. ಪ್ರತಿ ಸಾಲಿಗೆ ಮುಂಚೆ ಅವಳು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ, ಹಿಂದೆ ಕೇಳಿಸುತ್ತಿರಲಿಲ್ಲ. ಮಲಾಡ್ ಸ್ಟೇಷನ್ನಿನ ಸೇತುವೆ ಹತ್ತುವಾಗ ತರಕಾರಿ ಚೀಲ ಹಿಡಿದ ನಾನು ರೈಲು ನೋಡುವ ನೆಪದಲ್ಲಿ ಅರ್ಧದಲ್ಲಿ ನಿಲ್ಲುತ್ತೇನಲ್ಲ, ಹಾಗೆ. ಮೇಲಿನ ಸ್ವರಕ್ಕೆ ಅವಳು ಈಗ ಏರುವುದಿಲ್ಲ, ಅಲ್ಲಿ ಹಾಡುವುದನ್ನು ಬಿಟ್ಟು ಆ ಪದವನ್ನು ಪಕ್ಕದಲ್ಲಿ ಕೂತವರಿಗೆ ಹೇಳಿದಂತೆ ಹೇಳಿಬಿಡುತ್ತಾಳೆ. ಮನೆ ಎನ್ನುವ ಪದ ನಡುವೆ ಒಡೆಯುತ್ತದೆ. ಒಡೆದದ್ದನ್ನು ತಿದ್ದದೆ ಹಾಗೇ ಬಿಟ್ಟಿದ್ದಾಳೆ.

"ಮುಚ್ಚಿಟ್ಟಿಲ್ಲ ಅಂದಂಗಾತು" ಎಂದರು ಸಾಹೇಬರು.

"ಇಲ್ಲ."

"ಛಲೋ ಮಾಡ್ಯಾಳ." ನನ್ನ ಬಾಯಿಯ ಕಡೆಗೆ ಮತ್ತೆ ಕಣ್ಣು ನೆಟ್ಟರು. "ಮುಂದಿಂದು ಹೇಳ್ರಿ."

ಮುಂದಿನದನ್ನು ನಾನು ಸಿದ್ಧಮಾಡಿಕೊಂಡಿರಲಿಲ್ಲ. ಒಂದು ಹಾಡಿಗೆ ಮಾತು ಹುಡುಕಲು ನನಗೆ ಅಷ್ಟು ದಿನಗಳು ಹಿಡಿದಿದ್ದವು. ಶುಕ್ರವಾರಗಳು ನಮಗಾಗಿ ಕಾಯುವುದಿಲ್ಲ, ಹೊಸ ಆಲ್ಬಮ್‌ಗಳು ಬರುತ್ತಲೇ ಇವೆ, ಸಾಹೇಬರು ಈಗಲೂ ಎಲ್ಲರಿಗಿಂತ ಮೊದಲು ಹುಡುಕಿ ಕಳಿಸುತ್ತಲೇ ಇದ್ದಾರೆ. ಅವಕ್ಕಿಂತ ನನ್ನನ್ನು ಕಾಡುವುದು ಹಳೆಯವು: ಆ ಮೇಜಿನ ಮೇಲೆ ಅವರ ಅಂಗೈಗಳ ನಡುವೆ ಬರಿದೇ ನಡೆದುಹೋದ ಹಾಡುಗಳು. ಅವನ್ನು ಹಾಡಿದವರ ಗಂಟಲು ಹೇಗಿತ್ತೆಂದು ತಿಳಿಯಲೆಂದೇ ಅವರು ಅಷ್ಟು ಆಸೆಯಿಂದ ನಮ್ಮ ಬಾಯಿ ನೋಡುತ್ತಿದ್ದರು, ನಾವು ಸಂಯಮ ಎನ್ನುತ್ತಿದ್ದೆವು, ಪ್ರಭಾವ ಎನ್ನುತ್ತಿದ್ದೆವು. ಅವುಗಳ ಹೆಸರುಗಳೂ ಈಗ ನನಗೆ ಸರಿಯಾಗಿ ನೆನಪಿಲ್ಲ.

ಇವತ್ತು ಶನಿವಾರ. ನಲ್ಲಿ ನಿಲ್ಲಿಸಿದ್ದೇನೆ, ಮಿಕ್ಸಿಯ ಗೊಡವೆಗೆ ಹೋಗಿಲ್ಲ. ಅಮ್ಮನ ಲೋಟದಲ್ಲಿ ಫೋನು ನಿಲ್ಲಿಸಿ, ಎರಡನೆಯ ಹಾಡು ಹಾಕಿ, ಕೈಗಳನ್ನು ಲೋಟದಿಂದ ದೂರ ಇಟ್ಟುಕೊಂಡು, ಎದುರಿಗೆ ಒಬ್ಬರು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಾರೆಂದುಕೊಂಡು ಕೇಳುತ್ತಿದ್ದೇನೆ. ಹಾಡು ಶುರುವಾಗಿ ಆಗಲೇ ಅರ್ಧ ಕಳೆಯಿತು. ನನಗಿನ್ನೂ ಮೊದಲ ಮಾತು ಸಿಕ್ಕಿಲ್ಲ.