ಜವಾನನ ಕಣ್ಣಿಗೆ ಕುಂಬಳಕಾಯಿ ಪಲ್ಯ

ರಾಜಘಟ್ಟದಲ್ಲಿ ಮುದ್ದೆ ತಿಂದು ಬೆಳೆದ ಮುನಿವೆಂಕಟಪ್ಪನಿಗೆ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿದ್ದೇ ತಡ, ನಾಲಿಗೆ ದೊಡ್ಡ ಮನುಷ್ಯರದ್ದಾಯಿತು. ಮುದ್ದೆ ಕೂಲಿಯವರಿಗೆ, ಸೊಪ್ಪು ದನಕ್ಕೆ. ತನಗೆ ಬಿಳೀ ಅನ್ನ, ತಿಳಿಸಾರು. ಹೆಂಡತಿ ಅಮ್ಮಯಮ್ಮ ಈ ಜಂಬವನ್ನು ಹನ್ನೆರಡು ವರ್ಷ ಕೇಳಿದ್ದಳು. ಗಂಡನ ಮೇಲಿನ ಮರ್ಯಾದೆ ಎರಡನೇ ವರ್ಷಕ್ಕೇ ತೀರಿತ್ತು.

ಅವಳು ಹಿತ್ತಲಿನ ಸಿಹಿಗುಂಬಳ ಹೆಚ್ಚಿ, ನುಗ್ಗೆಸೊಪ್ಪು ಬಿಡಿಸಿ, ಕಡಲೆಕಾಯಿ ಎಣ್ಣೆಯ ಒಗ್ಗರಣೆಯಲ್ಲಿ ಬಾಡಿಸಿ, ಒಂದು ಬೊಗಸೆ ನೀರು ಹಾಕಿ, ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದಳು. ಮಕ್ಕಳು ಬಾಣಲೆ ಬಳಿದು ತಿನ್ನುತ್ತಿದ್ದರು. ಅವನು ಮಾತ್ರ, "ಇದನ್ನ ಎಮ್ಮೆಗೆ ಹಾಕು" ಎನ್ನುತ್ತಿದ್ದ.

ಯುದ್ಧ ನಡೆಯುತ್ತಿದ್ದ ಆ ವರ್ಷ, ದೀಪ ಹಚ್ಚುವ ಹೊತ್ತಾದರೆ ಅವನು ಗೋಡೆ ತಡವತೊಡಗಿದ. ಒಂದು ಸಂಜೆ ಕೋಟಿನ ಸಮೇತ ತಿಪ್ಪೆಗುಂಡಿಗೆ ಬಿದ್ದ. ಪಕ್ಕದ ಮನೆಯ ತಾಹಿರಾ ಕೂಗಿಕೊಂಡಳು. ಅಮ್ಮಯಮ್ಮ ಬಂದು ಮೇಲೇ ನಿಂತು ನೋಡಿದಳು.

"ಅಷ್ಟಗಲ ದಾರಿ ಸಾಲ್ದೇ ಹೋಯ್ತಾ?"

"ಯಾರೋ ಹೊಸದಾಗಿ ತೋಡವ್ರೆ ಕಣೇ!"

ಆ ಗುಂಡಿ ತೋಡಿಸಿದವನು ಅವನೇ.

ಮಾರನೇ ದಿನ ಅಮ್ಮಯಮ್ಮ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಅವನ ರೆಪ್ಪೆ ಬಿಡಿಸಿ ನೋಡಿದರು. "ಇರುಳುಗಣ್ಣು. ಏನಪ್ಪಾ ಊಟ ಮಾಡ್ತೀಯ?"

"ಬರೀ ಅನ್ನ, ತಿಳಿಸಾರು ಸ್ವಾಮಿ" ಎಂದ, ಎದೆಯುಬ್ಬಿಸಿ.

"ಅದಕ್ಕೇ ಹೀಗಾಗಿರೋದು. ಕಣ್ಣಿಗೆ ಬೇಕಾದ ವಿಟಮಿನ್ನು ಬಿಳೀ ಅನ್ನದಲ್ಲಿಲ್ಲ. ಸೊಪ್ಪಲ್ಲಿದೆ, ಸಿಹಿಗುಂಬಳದಲ್ಲಿದೆ. ಎಣ್ಣೆ ಒಗ್ಗರಣೆ ಹಾಕಿ ದಿನಾ ತಿನ್ನು, ಮೈಗೆ ಹತ್ತುತ್ತೆ."

"ಒಂದು ಇಂಜೆಕ್ಷನ್ನು ಕೊಟ್ಬಿಡಿ ಸ್ವಾಮಿ. ಸೊಪ್ಪು ಯಾತಕ್ಕೆ?"

ಡಾಕ್ಟರು ಅಮ್ಮಯಮ್ಮನ ಮುಖ ನೋಡಿದರು. ಅವಳಿಗೆ ನಗು ಬರಲಿಲ್ಲ. ನಗುವುದಕ್ಕೂ ಈ ಮನುಷ್ಯ ಲಾಯಕ್ಕಿಲ್ಲ ಎನಿಸಿತು.

ಮನೆಯಲ್ಲಿ ತಟ್ಟೆ ತುಂಬ ಪಲ್ಯ ಬಡಿಸಿದಳು. "ಎಮ್ಮೆ ಬಿಟ್ಟಿದ್ದು ಮಿಕ್ಕೈತೆ. ತಿನ್ನು."

ಅವನು ಕಷಾಯ ಕುಡಿಯುವವನಂತೆ ಮುಖ ಹಿಂಡಿಕೊಂಡು ತಿಂದ. ತಿಂಗಳೊಳಗೆ ಮುಸ್ಸಂಜೆಯಲ್ಲೂ ಬೀದಿಯ ಕೊನೆ ಕಾಣಿಸತೊಡಗಿತು. ಅಮ್ಮಯಮ್ಮನಿಗೆ ಅವನ ಬಾಯಿಂದ ಒಂದು ಒಳ್ಳೆಯ ಮಾತು ಬರುತ್ತದೇನೋ ಎಂಬ ಆಸೆ ಎಲ್ಲೋ ಒಂದಿಷ್ಟು ಉಳಿದಿತ್ತು. ಅದನ್ನು ತಾಹಿರಾ ಬಂದು ಮುಗಿಸಿದಳು.

"ಅಕ್ಕ, ನಿಮ್ಮ ಯಜಮಾನ್ರು ನಮ್ಮೋರಿಗೆ ಕುಂಬಳಕಾಯಿ ಪಲ್ಯ ಮಾಡೋದು ಹೇಳ್ಕೊಟ್ರಂತೆ. ನೀರು ಜಾಸ್ತಿ ಹಾಕಿದ್ರೆ ಸತ್ವ ಹೋಗುತ್ತಂತೆ. ಅವರೇ ಕಂಡುಹಿಡಿದಿದ್ದಂತೆ!"

"ನಮ್ಮನೇಲಿ ಒಲೆ ಎಲ್ಲೈತೆ ಅಂತ ಕೇಳವ್ವ, ಗೊತ್ತಿದ್ರೆ ಹೇಳ್ಲಿ" ಎಂದಳು ಅಮ್ಮಯಮ್ಮ.

ಆ ಸಂಜೆ ಮುನಿವೆಂಕಟಪ್ಪ ಮೊದಲ ತುತ್ತಿಗೇ ತಲೆಯಾಡಿಸಿದ. "ಉಪ್ಪು ಕಮ್ಮಿ ಕಣೇ. ಮಾಡೋ ಕ್ರಮ ನಿನಗಿನ್ನೂ ಬರ್ಲಿಲ್ಲ."

ಅವಳು ಉಪ್ಪಿನ ಮರಿಗೆಯನ್ನು ಅವನೆದುರು ಕುಕ್ಕಿ, ಮಕ್ಕಳಿಗೆ ಬಡಿಸಲು ತಿರುಗಿದಳು.